ಗೋಡೆಯ ಎರಡು ಬದಿಗೂ ಒಬ್ಬರೇ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಇಳಿಜಾರಿನ ಹೊಲದ ಅಂಚಿನಲ್ಲಿ ಹೆಂಗಸೊಬ್ಬರು ಕಲ್ಲುರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಒಂದು ಕಲ್ಲು ಎತ್ತಿ, ಮಗ್ಗುಲು ಬದಲಿಸಿ ನೋಡಿ, ಬೇಡವೆಂದು ಕೆಳಗಿಡುತ್ತಾರೆ. ಇನ್ನೊಂದನ್ನು ಅರ್ಧ ಎದ್ದ ಗೋಡೆಯ ಮೇಲಿಟ್ಟು ಅಂಗೈಯಿಂದ ಅಲುಗಿಸುತ್ತಾರೆ. ಕಲ್ಲು ಮಿಸುಕುವುದಿಲ್ಲ. ಆಮೇಲೆ ಮೊಣಕಾಲು ಹಿಡಿದುಕೊಂಡು ಎದ್ದು, ಗೋಡೆಯುದ್ದಕ್ಕೂ ನಡೆದು, ತುದಿಯಲ್ಲಿ ಸುತ್ತು ಹಾಕಿ ಆಚೆ ಬದಿಗೆ ಬರುತ್ತಾರೆ. ಅದೇ ಕಲ್ಲಿನ ಹಿಂಬದಿ ಸರಿಯಾಗಿ ಕೂತಿದೆಯೇ ಎಂದು ನೋಡಬೇಕಲ್ಲ.

ಊರಿಗೆಲ್ಲ ಇವರು ಗೋಡೆಯಮ್ಮ. ವಯಸ್ಸು ಐವತ್ತೆಂಟು. ಗಾರೆ, ಸಿಮೆಂಟು ಯಾವುದೂ ಇಲ್ಲದೆ ಬರೀ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟುವ ಗೋಡೆ ಇವರದು. ಅಂಥ ಗೋಡೆಗೆ ಎರಡು ಮೈ, ಕಟ್ಟುವುದಕ್ಕೂ ಇಬ್ಬರು ಬೇಕು, ಬದಿಗೊಬ್ಬರಂತೆ.

“ಎದುರುಗಡೆ ಯಾರಾದ್ರೂ ಇದ್ದಿದ್ರೆ ಸರಿ ಕೂತಿದೆಯಾ ಅಂತ ಕೇಳಿದ್ರೆ ಆಗ್ತಿತ್ತು. ಈಗ ಕೇಳೋಳೂ ನಾನೇ, ಹೋಗಿ ನೋಡೋಳೂ ನಾನೇ” ಎನ್ನುತ್ತಾರೆ ಅವರು.

ದಿನಕ್ಕೆ ಎಷ್ಟು ಸುತ್ತು ಆಗುತ್ತದೆಂದು ಒಮ್ಮೆ ಎಣಿಸಿದ್ದರಂತೆ. ನೂರ ಹದಿನಾರು. “ಆಮೇಲೆ ಎಣಿಸೋದು ಬಿಟ್ಟೆ. ಲೆಕ್ಕ ಗೊತ್ತಾದ ಮೇಲೆ ಕಾಲು ಇನ್ನೂ ಜಾಸ್ತಿ ನೋಯೋಕೆ ಶುರುವಾಯ್ತು.” ಕೈಯಲ್ಲಿ ಎತ್ತಿಳಿಸುವ ಕಲ್ಲು ದಿನಕ್ಕೆ ಎರಡು ಟನ್ನಿನ ಹತ್ತಿರ. ಸಂಜೆಯ ಹೊತ್ತಿಗೆ ಮೇಲೇಳುವ ಗೋಡೆ ಉದ್ದಕ್ಕೆ ಒಂದೇ ಒಂದು ಮಾರು. ಇಬ್ಬರಿದ್ದಾಗ ಮೂರು ಮಾರು ಏಳುತ್ತಿತ್ತು.

ಆ ಇನ್ನೊಬ್ಬರು ಇವರ ಅಕ್ಕ. ಅಪ್ಪನಿಂದ ಕೆಲಸ ಕಲಿತ ಅಕ್ಕತಂಗಿಯರು ಇಪ್ಪತ್ತೆರಡು ವರ್ಷ ಒಟ್ಟಿಗೆ ಕಟ್ಟಿದರು. ಅಕ್ಕ ಹೊರಬದಿಗೆ, ತಂಗಿ ಒಳಬದಿಗೆ. ಗೋಡೆ ತಲೆಮಟ್ಟಕ್ಕೆ ಬಂತೆಂದರೆ ಮುಖ ಮರೆಯಾಗಿ ಮಾತಷ್ಟೇ ಉಳಿಯುತ್ತಿತ್ತು. ಯಾರ ಗಂಡನ ಗೊರಕೆ ದೊಡ್ಡದು ಎಂಬ ಜಗಳ ಒಂದು ಗೋಡೆಯಲ್ಲಿ ಮುಗಿಯದೆ ಮುಂದಿನ ಗೋಡೆಗೂ ಹೋಗುತ್ತಿತ್ತಂತೆ.

ಹನ್ನೊಂದು ವರ್ಷದ ಹಿಂದೆ ಒಂದು ತೋಟದ ಗೋಡೆ ಕಟ್ಟುವಾಗ ಅಕ್ಕ ಜ್ವರದಿಂದ ಎರಡು ದಿನ ಮಲಗಿದರು. ಗೋಡೆಯ ಎರಡು ಮೈಗಳನ್ನು ಹಿಡಿದಿಡಲು ಮೂರು ಅಡಿಗೊಂದು ಉದ್ದಗಲ್ಲನ್ನು ಅಡ್ಡಕ್ಕೆ ಹಾಸಬೇಕು. ಅವು ಮುಗಿದುಹೋಗಿದ್ದವು. ಗಾಡಿ ಬರುವವರೆಗೆ ಕಾಯುವ ತಾಳ್ಮೆ ತಂಗಿಗಿರಲಿಲ್ಲ. ನಾಲ್ಕು ಕಡೆ ಎರಡೆರಡು ಗಿಡ್ಡ ಕಲ್ಲುಗಳನ್ನು ಎದುರುಬದುರಾಗಿ ಇಟ್ಟು ಮುಚ್ಚಿದರು. ಉದ್ದಗಲ್ಲು ಹಾಕಿದೆಯಾ ಎಂದು ಅಕ್ಕ ಬಂದು ಕೇಳಿದಾಗ ಹೂಂ ಎಂದುಬಿಟ್ಟರು.

ಒಂಬತ್ತನೆಯ ದಿನ, ಮೇಲಿನ ಸಾಲು ಕೂರಿಸುತ್ತಿದ್ದಾಗ ಗೋಡೆ ಹೊಟ್ಟೆ ಬಿಟ್ಟು ಅಕ್ಕನ ಕಡೆಗೆ ಕುಸಿಯಿತು. ಕಲ್ಲಿನಡಿ ಸಿಕ್ಕಿದ ಕಾಲು ಉಳಿಯಿತು, ಆದರೆ ಮಂಡಿ ಮತ್ತೆ ಮಡಚಲಿಲ್ಲ.

“ಕಲ್ಲಿನ ನಡುವೆ ಬಿದ್ಕೊಂಡು ಅವಳು ಹುಡುಕಿದ್ದು ಕಾಲನ್ನಲ್ಲ, ಉದ್ದಗಲ್ಲನ್ನ. ಇರ್ಲಿಲ್ಲ. ನನ್ನ ಮುಖ ನೋಡಿದ್ಲು, ಅಷ್ಟೇ. ಒಂದು ಸಲ ಬೈದಿದ್ರೆ ಅತ್ತು ಹಗುರಾಗ್ತಿದ್ದೆ. ಬಾಯೇ ಬಿಡ್ಲಿಲ್ಲ.”

ಆ ಗೋಡೆಯನ್ನು ಗೋಡೆಯಮ್ಮ ಮೂವತ್ತನಾಲ್ಕು ದಿನ ಒಬ್ಬರೇ ನಿಂತು ಮತ್ತೆ ಕಟ್ಟಿದರು. ಅಂದಿನಿಂದ ಜೊತೆಗೆ ಬರುತ್ತೇವೆಂದವರನ್ನೆಲ್ಲ ಬೇಡವೆಂದು ಕಳಿಸಿದ್ದಾರೆ. ಇನ್ನೊಬ್ಬರನ್ನು ಆಚೆ ಬದಿಗೆ ನಿಲ್ಲಿಸುವ ಧೈರ್ಯ ತನಗಿಲ್ಲ ಎನ್ನುತ್ತಾರೆ. ಲಾರಿ ಓಡಿಸುವ ಗಂಡ ಮನೆಗೆ ಬರುವುದು ತಿಂಗಳಿಗೆ ಎರಡು ಸಲ. ಮಧ್ಯಾಹ್ನದ ಬುತ್ತಿಯನ್ನು ಗೋಡೆಯ ನೆರಳಲ್ಲಿ ಬಿಚ್ಚಿಕೊಂಡು, ಮಾತು ಬೇಕೆನಿಸಿದರೆ ಕಲ್ಲಿನೊಂದಿಗೇ ಆಡುತ್ತಾರೆ. ಹಟ ಮಾಡುವ ಕಲ್ಲಿಗೆ, “ನೀನು ಆಮೇಲೆ ಬಾ, ಈಗ ನಿನ್ನ ಸರದಿಯಲ್ಲ” ಎನ್ನುವುದು ದಾರಿಹೋಕರಿಗೂ ಕೇಳಿಸುತ್ತದೆ.

ಅಕ್ಕನ ಮನೆ ಎರಡೇ ಬೀದಿ ಆಚೆ. ಎದುರು ಸಿಕ್ಕರೆ ಊಟ ಆಯಿತೇ, ಮಕ್ಕಳು ಚೆನ್ನಾಗಿದ್ದಾರೆಯೇ ಎಂಬಷ್ಟಕ್ಕೆ ಮಾತು ನಿಲ್ಲುತ್ತಿತ್ತು. ಈ ವರ್ಷ ಅಕ್ಕನ ಹಿತ್ತಿಲ ಗೋಡೆ ವಾಲಿತು. ಭಾವ ಸಿಮೆಂಟಿನವರಿಂದ ಅಳತೆಯನ್ನೂ ತೆಗೆಸಿದ್ದರು. ಒಂದು ಬೆಳಿಗ್ಗೆ ಅವರೇ ಗೋಡೆಯಮ್ಮನ ಬಾಗಿಲಿಗೆ ಬಂದು, “ಸಿಮೆಂಟಿನವರು ಬೇಡ್ವಂತೆ. ನಿನ್ನನ್ನೇ ಕರಿ ಅಂದ್ಲು” ಎಂದರು.

ಹಳೆಯದನ್ನು ಬಿಚ್ಚಿ, ಬುನಾದಿ ತೋಡಿ ಕಟ್ಟಲು ಹನ್ನೆರಡು ದಿನ ಹಿಡಿಯಿತು. ಹಿತ್ತಿಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಅಕ್ಕ ಬಟ್ಟೆ ಹೊಲಿಯುತ್ತಿದ್ದರು. ಐದು ದಿನ ಮಾತಿಲ್ಲ. ಆರನೆಯ ದಿನ ಉದ್ದಗಲ್ಲುಗಳನ್ನು ಹಾಸಿ ಮುಗಿದಾಗ ಗೋಡೆಯಮ್ಮ, ಬಂದು ನೋಡೆಂದು ಕರೆದರು. ಅಕ್ಕ ಕೋಲೂರಿಕೊಂಡು ಬಂದು ಒಂದೊಂದನ್ನೂ ಮುಟ್ಟಿ ಎಣಿಸಿದರು. ಹದಿನಾಲ್ಕು. ಪಕ್ಕದ ಗೇಟಿನಿಂದ ಓಣಿಗಿಳಿದು, ಕಾಲೆಳೆದುಕೊಂಡು ಹೋಗಿ ಹೊರಬದಿಯಲ್ಲೂ ಎಣಿಸಿದರು. ಅಲ್ಲೂ ಹದಿನಾಲ್ಕು.

ಎದೆಮಟ್ಟದ ಗೋಡೆಯ ಈಚೆಗೆ ತಂಗಿ, ಆಚೆಗೆ ಅಕ್ಕ. ಅಲ್ಲಿ ನಿಂತು ಗೋಡೆಯಮ್ಮ ಹೇಳಿದರು, “ಅವತ್ತು ನಾನು ಸುಳ್ಳು ಹೇಳಿದೆ ಕಣೆ.”

“ಗೊತ್ತು” ಎಂದರು ಅಕ್ಕ. “ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ.”

ಇನ್ನೇನೂ ನಡೆಯಲಿಲ್ಲ. ಅಕ್ಕ ಒಳಗೆ ಹೋದರು, ತಂಗಿ ಮುಂದಿನ ಸಾಲು ಶುರು ಮಾಡಿದರು. ಮಡಚದ ಮಂಡಿ ಹೊತ್ತು ಅಕ್ಕ ಇನ್ನು ಕೆಲಸಕ್ಕೆ ಬರಲಾರರು. ಇಳಿಜಾರಿನ ಈ ಹೊಲದಲ್ಲಿ ಗೋಡೆಯಮ್ಮ ಈಗಲೂ ಒಬ್ಬರೇ ಸುತ್ತು ಹಾಕುತ್ತಿದ್ದಾರೆ.

ಇಷ್ಟು ವರ್ಷದಲ್ಲಿ ಕಟ್ಟಿದ್ದರಲ್ಲಿ ಯಾವ ಗೋಡೆ ಇಷ್ಟ ಎಂದು ಕೇಳಿದರೆ ಕೈಯ ಧೂಳು ಕೊಡವಿಕೊಳ್ಳುತ್ತಾರೆ.

“ಅಕ್ಕನ ಹಿತ್ತಿಲದು. ಸಾಯಂಕಾಲ ಅವಳು ಅಲ್ಲಿ ಸ್ಟೂಲು ಹಾಕ್ಕೊಂಡು ಕೂರ್ತಾಳೆ. ನಾನು ಕಟ್ಟಿದ ಗೋಡೆಗೆ ಬೆನ್ನು ಕೊಟ್ಟು.”