ಬಟ್ಟೆ ಹೊದಿಸಿದ ಡ್ರಮ್‌ಗಳು

ಮೈಸೂರಿನಿಂದ ಬಂದಿದ್ದ ನನ್ನನ್ನು ಅಕ್ಕ ತಾನಿರುವ ಗ್ರೀನ್‌ಫರ್ಡಿನ ಒಂದು ಕ್ರೀಡಾ ಹಾಲ್‌ಗೆ, ಡ್ರಮ್ ತಂಡಗಳ ಸ್ಪರ್ಧೆಗೆ ಕರೆದೊಯ್ದಳು. ಅವಳ ಮಗಳು ಅನನ್ಯಳ ತಂಡಕ್ಕೆ ಅಭಿಮಾನಿಗಳು ಬಹಳ. ನಮ್ಮ ಸುತ್ತ ಕೂತವರೆಲ್ಲ ತಂಡದ ಹೆಸರಿನ ಟೀ ಶರ್ಟ್ ತೊಟ್ಟಿದ್ದರು.

ಡ್ರಮ್‌ಗಳ ಅಬ್ಬರದ ನಡುವೆ ಅನನ್ಯಳ ತಂಡದವರು ಥಟ್ಟನೆ ಕೋಲುಗಳನ್ನು ಕೆಳಗಿಟ್ಟು, ಡ್ರಮ್‌ಗಳಿಗೆ ಬಟ್ಟೆ ಹೊದಿಸಿ, ಬೆರಳ ತುದಿಯಿಂದ ಬಾರಿಸತೊಡಗಿದರು.

"ಇದು ಅವಳದೇ ಐಡಿಯಾ ಕಣೋ," ಅಂದಳು ಅಕ್ಕ.

ಯಾರೋ ನಕ್ಕರು. ಆಮೇಲೆ, ಹಾಲ್‌ನಲ್ಲಿ ಅಷ್ಟು ಸೆಕೆಯಿದ್ದರೂ, ನಮ್ಮ ಸುತ್ತಲಿದ್ದವರು ಒಬ್ಬೊಬ್ಬರೇ ಜಾಕೆಟ್ ತೊಟ್ಟು ತಂಡದ ಹೆಸರು ಕಾಣದಂತೆ ಜಿಪ್ ಎಳೆದುಕೊಂಡರು.

ಹೊರಬಂದ ಅನನ್ಯಳಿಗೆ ಅಕ್ಕ, "ಚೆನ್ನಾಗಿತ್ತು ಪುಟ್ಟಿ," ಅಂದಳು.

"ಪ್ಲೀಸ್ ಅಮ್ಮ," ಅಂದವಳು ಇಂಗ್ಲಿಷಿಗೆ ತಿರುಗಿದಳು. ಬಾರಿಸುತ್ತಿದ್ದಾಗ ಒಂದೊಂದು ಜಿಪ್ಪಿನ ಸದ್ದೂ ಅವಳಿಗೆ ಕೇಳಿಸಿತಂತೆ.