ದನಿ ತಗ್ಗಿಸಿ ಕಲಿಸುವ ಕಸ್ತೂರಬಾಯಿ

ಬೆಳಗಿನ ಆರೂ ಮುಕ್ಕಾಲು. ಸೊಲ್ಲಾಪುರದ ಹಳೆಯ ಮಿಷನ್ ಶಾಲೆಯೊಂದರ ಒಂದನೇ ವರ್ಗದ ಕೋಣೆ. ಐವತ್ತೇಳರ ಕಸ್ತೂರಬಾಯಿ ಕೊನೆಯ ಬೆಂಚಿನ ಮೂಲೆಯಲ್ಲಿ ಬೆನ್ನು ಬಗ್ಗಿಸಿ, ಆರು ವರ್ಷದ ಮಗುವಿನ ಎತ್ತರಕ್ಕೆ ಕುಗ್ಗಿ ಕುಳಿತಿದ್ದಾರೆ. ಕಣ್ಣು ಎದುರಿನ ಹಲಗೆಯ ಮೇಲೆ. ಎದ್ದು ಹೋಗಿ ಒಂದು ಅಕ್ಷರ ಅಳಿಸಿ, ಅದನ್ನೇ ದಪ್ಪವಾಗಿ ಬರೆಯುತ್ತಾರೆ. ಮತ್ತೆ ಬಂದು ಅಲ್ಲೇ ಕೂರುತ್ತಾರೆ. ಮೊಣಕಾಲು ಲಟಕ್ಕೆನ್ನುತ್ತದೆ. ತಮ್ಮಷ್ಟಕ್ಕೆ ತಾವೇ ನಗುತ್ತಾರೆ.

“ಈ ಮೂಲ್ಯಾಗ ಕುಂತ ಕೂಸಿಗಿ ಕಾಣಸಬೇಕ್ರಿ. ಇಲ್ಲಂದ್ರ ನಾ ಬರದದ್ದು ನನಗಷ್ಟೇ ಬರಕೊಂಡಂಗ,” ಎನ್ನುತ್ತಾರೆ.

ಅಷ್ಟರಲ್ಲಿ ಬಾಗಿಲಲ್ಲಿ ಮೂವರು ಎಳೆಯ ಶಿಕ್ಷಕಿಯರು. ಒಬ್ಬರ ಕೈಯಲ್ಲಿ ಚಹಾದ ಥರ್ಮಾಸ್, ಇನ್ನೊಬ್ಬರ ಕೈಯಲ್ಲಿ ಇನ್ನೂ ತಿದ್ದದ ಮಕ್ಕಳ ವಹಿಗಳ ಕಟ್ಟು. ಶಾಲೆಯ ಗಂಟೆ ಬಾರಿಸುವುದು ಏಳೂವರೆಗೆ. ಅಲ್ಲಿಯವರೆಗಿನ ಈ ಮುಕ್ಕಾಲು ತಾಸು ಇವರದು. ಯಾವ ಆದೇಶದಲ್ಲೂ ಇಲ್ಲದ, ಯಾವ ರಜಿಸ್ಟರಿನಲ್ಲೂ ಸಹಿ ಬೇಡದ ಈ ತರಗತಿ ಹನ್ನೊಂದು ವರ್ಷಗಳಿಂದ ನಡೆದಿದೆ. ಇಲ್ಲಿ ಶಿಕ್ಷಕಿಯರೇ ವಿದ್ಯಾರ್ಥಿನಿಯರು.

ಕಸ್ತೂರಬಾಯಿಯ ತವರು ಅಕ್ಕಲಕೋಟೆ ತಾಲ್ಲೂಕಿನ ನಾಗಣಸೂರ, ಮನೆ ಸೊಲ್ಲಾಪುರದ ಹತ್ತಿರದ ಕುಂಭಾರಿಯಲ್ಲಿ. ಪತಿ ರಾಚಪ್ಪ ಉಳ್ಳಾಗಡ್ಡಿ, ತೊಗರಿ ಬೆಳೆಯುತ್ತಾರೆ. ಬೆಳಿಗ್ಗೆ ಆರರ ಬಸ್ಸಿಗೆ ಹೆಂಡತಿಯನ್ನು ಮೋಟರ್‌ಸೈಕಲ್ ಮೇಲೆ ಬಿಡುವ ಕೆಲಸ ಅವರದು. “ಮನ್ಯಾಗೂ ಅಕಿ ಸಣ್ಣ ದನೀಲೇ ಬೈತಾಳ್ರಿ. ಅದಕ್ಕೇ ಹೆಚ್ಚ ಅಂಜಿಕಿ ಬರ್ತದ,” ಎಂದು ಬಸ್ ಸ್ಟ್ಯಾಂಡಿನಲ್ಲಿ ನನಗೆ ಹೇಳಿದ್ದರು.

ಹಣೆಯ ಮೇಲೆ ವಿಭೂತಿ ಹಚ್ಚಿಕೊಂಡೇ ಅವರು ಮೂವತ್ತೊಂದು ವರ್ಷದಿಂದ ಈ ಮಿಷನ್ ಶಾಲೆಗೆ ಬರುತ್ತಿದ್ದಾರೆ. ಅಳಿಸಿಕೊಳ್ಳಿ ಎಂದು ಯಾರೂ ಅಂದಿಲ್ಲ. ಮುಂಜಾನೆಯ ಪ್ರಾರ್ಥನೆಯಲ್ಲಿ ಅವರೂ ಕಣ್ಣು ಮುಚ್ಚಿ ನಿಲ್ಲುತ್ತಾರೆ. ಹಾಡುವಾಗ ಮಾತ್ರ ರಾಗ ಎತ್ತೆತ್ತಲೋ ಹೋಗಿ ಮುಂದಿನ ಸಾಲಿನ ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ.

“ಪ್ರಾರ್ಥನಾ ಟೈಮಿನ್ಯಾಗ ನಾ ಹುಡುಗರ ಹೆಸರ ಒಂದೊಂದಾಗಿ ಮನಸಿನ್ಯಾಗ ತಗೋತೀನ್ರಿ. ನಲವತ್ತಾರು ಹೆಸರ. ಒಂದೆರಡು ಮರತೇ ಮರೀತದ. ಯಾರ ಹೆಸರ ನೆನಪಾಗಲಿಲ್ಲೋ, ಅವತ್ತ ವರ್ಗದಾಗ ಅವರನ್ನೇ ಮೊದಲ ಮಾತಾಡಸ್ತೀನಿ. ಗದ್ಲಾ ಮಾಡೋರ್ದು ಮರಿಯಂಗಿಲ್ಲ. ಸುಮ್ಮ ಕುಂತಿರ್ತಾವಲ್ಲ, ಅವು ಮರೀತಾವ.”

ಆ ನಲವತ್ತಾರರಲ್ಲಿ ಹದಿನೇಳು ಮಕ್ಕಳ ಮನೆಮಾತು ತೆಲುಗು, ಹದಿನಾಲ್ಕು ಮಕ್ಕಳದು ಮರಾಠಿ, ಒಂಬತ್ತು ಮಕ್ಕಳದು ಕನ್ನಡ, ಆರು ಮಕ್ಕಳದು ಉರ್ದು. ಪಾಠ ಮರಾಠಿಯಲ್ಲಿ. ಹೊಸ ಶಿಕ್ಷಕಿಗೆ ಕಸ್ತೂರಬಾಯಿ ಮೊದಲು ಕಲಿಸುವುದು ‘ಹೊಟ್ಟೆ ನೋಯುತ್ತದೆ’ ಎಂಬುದನ್ನು ನಾಲ್ಕೂ ಭಾಷೆಯಲ್ಲಿ. “ಅಕ್ಷರ ನಾಳಿಗಿ ಬಂದ್ರೂ ನಡೀತದ. ಹೊಟ್ಟಿನೋವು ನಾಳಿತನಾ ಕಾಯಂಗಿಲ್ರಿ.”

ಈ ಶಾಂತ ಸ್ವಭಾವ ಹುಟ್ಟಿನಿಂದ ಬಂದದ್ದಲ್ಲ. ಅದನ್ನು ಅವರೇ ಒಪ್ಪುತ್ತಾರೆ. “ಮೊದಲ ಎರಡ ವರ್ಷ ನಾನೂ ಕಟಗಿ ಪಟ್ಟಿಲೇ ಹೊಡದೀನ್ರಿ. ದಿನಾ ಒದರೂದು, ಒದರೂದು. ಇವತ್ತಿಗೂ ನಾಚಿಕಿ ಬರ್ತದ.” ಮೂರನೆಯ ವರ್ಷ ದೀಪಾವಳಿಯ ಹೊತ್ತಿಗೆ ಗಂಟಲು ಪೂರ್ತಿ ಕಟ್ಟಿತು. ಮೂರು ವಾರ ಪಿಸುಮಾತೂ ಆಡಕೂಡದು, ಇಲ್ಲವಾದರೆ ದನಿ ಮರಳುವ ಖಾತ್ರಿ ಇಲ್ಲ ಎಂದರು ಡಾಕ್ಟರು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ರಜೆ ಹಾಕಿದರೆ ಜಾಗ ಇನ್ನೊಬ್ಬರಿಗೆ ಹೋಗುತ್ತದೆಂಬ ಹೆದರಿಕೆ. ಹಾಗಾಗಿ ಮಾತಿಲ್ಲದೆಯೇ ಅರವತ್ತು ಮಕ್ಕಳೆದುರು ಹೋಗಿ ನಿಂತರು.

ಮೊದಲ ದಿನ ವರ್ಗ ಸಂತೆಯಾಯಿತು. ಎರಡನೆಯ ದಿನ ಹಲಗೆಯ ಮೇಲೆ ಒಂದು ಕೋಳಿಯ ಚಿತ್ರ ತೆಗೆದು, ಕೊಕ್ಕು ಬಿಡಿಸದೆ ಸುಮ್ಮನೆ ನಿಂತರು. ‘ಬಾಯಿ’ಗೆ, ಅಂದರೆ ಟೀಚರಿಗೆ, ಏನಾಗಿದೆ, ಕೋಳಿಗೆ ಏನಾಗಿದೆ ಎಂದು ಮಕ್ಕಳು ತಮ್ಮತಮ್ಮಲ್ಲೇ ಗುಸುಗುಸು ಶುರು ಮಾಡಿದರು. ಎರಡನೆಯ ವಾರಕ್ಕೆ ಇಡೀ ವರ್ಗ ಪಿಸುಮಾತಿಗೆ ಇಳಿದಿತ್ತು. ದನಿ ಮರಳಿದ ದಿನ ಅವರು ಮೆಲ್ಲಗೆ ಮರಾಠಿಯಲ್ಲಿ “ಬಸಾ”, ಕುಳಿತುಕೊಳ್ಳಿ, ಎಂದರು. ಅರವತ್ತೂ ಮಕ್ಕಳು ಕುಳಿತರು.

“ನನಗೇ ಗಾಬರಿ ಆತ್ರಿ! ಎರಡ ವರ್ಷ ಒದರಿ ಒದರಿ ಆಗಲಾರದ್ದು ಒಂದ ಮಾತಿಗಿ ಆತಲ್ಲ ಅಂತ. ಪಟ್ಟಿ ಅವತ್ತೇ ಕಪಾಟಿನ್ಯಾಗ ಹೋತು.”

ಮುಂಜಾನೆ ಬರುವ ಮೂವರಲ್ಲಿ ಒಬ್ಬರು ಇಪ್ಪತ್ತನಾಲ್ಕರ ಶೀತಲ. ಸೊಲ್ಲಾಪುರದ ಚಾದರ ವ್ಯಾಪಾರಿ ಮನೆತನದವರು. ಈ ಜೂನ್‌ನಲ್ಲಿ ಎರಡನೇ ವರ್ಗಕ್ಕೆ ಸೇರಿದ ಅವರು ಮೂರನೇ ವಾರದಲ್ಲೇ ರಾಜೀನಾಮೆ ಬರೆದಿದ್ದರು. ನಲವತ್ತೆಂಟು ಮಕ್ಕಳ ಗದ್ದಲಕ್ಕೆ ಮಧ್ಯಾಹ್ನದೊಳಗೆ ದನಿ ಹೋಗುತ್ತಿತ್ತು. ಗೇಟಿನ ಬಳಿ ಪಾಲಕರೊಬ್ಬರು ಎಲ್ಲರೆದುರೇ, “ಒಂದ ವರ್ಗಾ ಸಂಭಾಳಸಾಕ ಬರಂಗಿಲ್ಲೇನು?” ಎಂದು ಕೇಳಿದ್ದರು. ಅದೇ ವರ್ಗವನ್ನು ಹಿಂದಿನ ವರ್ಷ ಇಬ್ಬರು ಬಿಟ್ಟು ಹೋಗಿದ್ದರು. ಮೂರನೆಯವರೂ ಹೋದರೆ ಮಕ್ಕಳನ್ನು ಪಕ್ಕದ ವರ್ಗಕ್ಕೆ ಸೇರಿಸುವುದು ಬಿಟ್ಟು ಮುಖ್ಯಾಧ್ಯಾಪಿಕೆ ಸಲೋಮಿ ಗಾಯಕವಾಡರಿಗೆ ಬೇರೆ ದಾರಿ ಇರಲಿಲ್ಲ. ಆಗ ಒಂದೇ ಕೋಣೆಯಲ್ಲಿ ತೊಂಬತ್ತು ಮಕ್ಕಳಾಗುತ್ತಿದ್ದರು.

ಪತ್ರ ಮೊದಲು ಕಸ್ತೂರಬಾಯಿಯ ಕೈಗೆ ಬಂತು. ಅವರು ಬುದ್ಧಿ ಹೇಳಲಿಲ್ಲ. “ಇದು ಶನಿವಾರತನಾ ನನ್ನ ಕಡೆ ಇರಲಿ ತಂಗಿ. ಹೋಗಬ್ಯಾಡ ಅನ್ನಂಗಿಲ್ಲ. ಐದ ದಿನಾ ನಿನ್ನ ವರ್ಗದಾಗ ಹಿಂದ ಕುಂಡರಾಕ ಬಿಡು, ಸಾಕು,” ಎಂದರು. ಅಷ್ಟು ಹೊತ್ತು ಒಂದನೇ ವರ್ಗವನ್ನು ಸಲೋಮಿ ಬಾಯಿಯೇ ನೋಡಿಕೊಂಡರು.

ದಿನಕ್ಕೆ ಇಪ್ಪತ್ತು ನಿಮಿಷ. ಮಕ್ಕಳೆದುರು ಒಂದು ಮಾತೂ ಇಲ್ಲ. ಶಾಲೆ ಬಿಟ್ಟ ಮೇಲೆ ಒಂದೇ ಒಂದು ಸಂಗತಿ ಹೇಳುವುದು. ಸೋಮವಾರ: ಹಲಗೆಗೆ ಮುಖ ಮಾಡಿ ಮಾತಾಡಬೇಡ, ಬರೆಯುವುದು ಮುಗಿಸಿ ತಿರುಗಿ ಹೇಳು. ಮಂಗಳವಾರ: “ವಹಿ ತಗೀರಿ, ತಾರೀಖ ಬರೀರಿ, ಗದ್ಲಾ ಮಾಡಬ್ಯಾಡ್ರಿ ಅಂತ ಒಂದೇ ಉಸರಿನ್ಯಾಗ ಅಂತೀ. ಅವು ಯಾವುದು ಕೇಳಬೇಕು? ಒಂದ ಹೇಳು, ಅದು ಆಗಲಿ, ಆಮ್ಯಾಗ ಇನ್ನೊಂದು.” ಬುಧವಾರ: ಮುಂಜಾನೆ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಹೆಸರು ಹಿಡಿದು ಒಳಗೆ ಕರೆ.

ಗುರುವಾರ ಮೂರನೇ ತಾಸಿಗೆ ಶೀತಲರ ಗಂಟಲು ಪೂರ್ತಿ ಕೈಕೊಟ್ಟಿತು. ಅವರು ಹಿಂದಿನ ಬೆಂಚಿನತ್ತ ನೋಡಿದರು. ಕಸ್ತೂರಬಾಯಿ ಎದ್ದು ನೆರವಿಗೆ ಬರಲಿಲ್ಲ. ತುಟಿಯ ಮೇಲೆ ಬೆರಳಿಟ್ಟು ಹಲಗೆಯತ್ತ ಕಣ್ಣು ಹಾಯಿಸಿದರು, ಅಷ್ಟೇ. ಶೀತಲ ಸೀಮೆಸುಣ್ಣ ತೆಗೆದುಕೊಂಡು ಒಂದು ಸರಕಾರಿ ಎಸ್ಟಿ ಬಸ್ಸಿನ ಚಿತ್ರ ಬಿಡಿಸತೊಡಗಿದರು. ಒಂದು ಗಾಲಿ, ಎರಡು ಗಾಲಿ, ಕಿಟಕಿ. ಗದ್ದಲ ಕರಗುತ್ತ ಬಂತು. ಕೊನೆಗೆ ಮನೀಷಾ ಎಂಬ ಪುಟ್ಟ ಹುಡುಗಿ ಎದ್ದು ಮೆಲ್ಲಗೆ, “ಬಾಯಿ, ಡ್ರೈವ್ಹರ್ ಎಲ್ಲಿ?” ಎಂದಳು. ಆ ದಿನದ ಗಣಿತವೆಲ್ಲ ಆ ಬಸ್ಸಿನಲ್ಲೇ ನಡೆಯಿತು. ಎಷ್ಟು ಮಂದಿ ಹತ್ತಿದರು, ಎಷ್ಟು ಮಂದಿ ಕುಂಭಾರಿಯಲ್ಲಿ ಇಳಿದರು ಎಂದು.

ಶನಿವಾರ ಕಸ್ತೂರಬಾಯಿ ಪತ್ರವನ್ನು ಮೇಜಿನ ಮೇಲಿಟ್ಟರು. ಆಗ ನಡೆದದ್ದನ್ನು ಶೀತಲರೇ ಹೇಳುತ್ತಾರೆ. “ಭಾಳ ಹೊತ್ತ ನೋಡಿದ್ನಿರಿ. ಹಾಳಿ ಹಿಂದ ಖಾಲಿ ಇತ್ತು. ತಿರುವಿ, ಹುಡುಗರ ಹೆಸರ ಬರದ್ನಿ, ಹಾಜರಿ ಪುಸ್ತಕಾ ನೋಡಲಾರದ. ನಲವತ್ತೊಂದು ನೆನಪಾದ್ವು. ಏಳು ಆಗಲಿಲ್ಲ. ಸೋಮವಾರ ಅವರನ್ನ ಮಾತಾಡಸಬೇಕಲ್ಲ, ಅದಕ್ಕ ಉಳದ್ನಿ.” ಹೇಳಿ ಮುಗಿಸಿ ಜೋರಾಗಿ ನಗುತ್ತಾರೆ. ಈಗ ಅವರ ವರ್ಗದ ಮುಂದೆ ಹಾದುಹೋದರೆ ಗದ್ದಲವಿಲ್ಲವೆಂದಲ್ಲ, ಇದೆ. ಅದರ ನಡುವೆ ಪಾಠವೂ ಸಾಗುತ್ತಿದೆ.

ಸಲೋಮಿ ಬಾಯಿಯ ಲೆಕ್ಕದಲ್ಲಿ ಹನ್ನೊಂದು ವರ್ಷಗಳಲ್ಲಿ ಇಪ್ಪತ್ತಾರು ಶಿಕ್ಷಕಿಯರು ಈ ಮುಂಜಾನೆಯ ಚಹಾಕ್ಕೆ ಬಂದಿದ್ದಾರೆ. ಆರು ಮಂದಿ ಕೆಲಸ ಬಿಟ್ಟರು. ಅವರಲ್ಲೊಬ್ಬರು ಈಗ ಬ್ಯಾಂಕಿನಲ್ಲಿದ್ದು, ಹಬ್ಬಕ್ಕೆ ಶೇಂಗಾ ಹೋಳಿಗೆ ಕಳಿಸುತ್ತಾರೆ. “ಎಲ್ಲಾರೂ ಉಳೀಬೇಕಂತಿಲ್ರಿ. ಹೋಗೋರು ತಪ್ಪ ಮಾಡಿದಂಗ ಮಾರಿ ಕೆಳಗ ಹಾಕ್ಕೊಂಡು ಹೋಗಬಾರದು, ಇಷ್ಟೇ,” ಎನ್ನುತ್ತಾರೆ ಕಸ್ತೂರಬಾಯಿ.

ಮುಂದಿನ ಮೇ ತಿಂಗಳಲ್ಲಿ ಅವರ ನಿವೃತ್ತಿ. ಶಾಲು ಹೊದಿಸಿ ಸತ್ಕಾರ ಮಾಡುವ ತಯಾರಿ ಈಗಲೇ ಶುರುವಾಗಿದೆ. ನಿಮಗೇನು ಬೇಕು ಎಂದು ಸಲೋಮಿ ಬಾಯಿ ಕೇಳಿದಾಗ ಅವರು ಕೇಳಿದ್ದು, ಮಾಳಿಗೆಯ ಮೆಟ್ಟಿಲ ಕೆಳಗೆ ಮುರಿದ ಬೆಂಚು ತುಂಬಿರುವ ಸಣ್ಣ ಕೋಣೆ. ನನ್ನನ್ನು ಅಲ್ಲಿಗೆ ಕರೆದೊಯ್ದು, ಬಾಗಿಲು ನೂಕಿ ತೋರಿಸುತ್ತಾರೆ.

“ಇದನ್ನ ಖಾಲಿ ಮಾಡಿಸಿ, ಒಂದ ಖುರ್ಚಿ, ಒಂದ ಫ್ಯಾನ್, ಒಂದ ನಳ, ಒಂದ ಕನ್ನಡಿ. ಒಳಗಿಂದ ಚಿಲಕ ಇರಬೇಕು. ಹೊಸಾ ಟೀಚರ್ ಮೊದಲ ವರ್ಷ ಅಳತಾರ್ರಿ. ನಾನೂ ಅತ್ತೀನಿ, ಪಾಯಖಾನ್ಯಾಗ ನಿಂತು. ಇವರಾದ್ರೂ ಫ್ಯಾನಿನ ಕೆಳಗ ಕುಂತು ಅಳಲಿ. ಮಾರಿ ತೊಳಕೊಂಡು, ಕನ್ನಡಿ ನೋಡ್ಕೊಂಡು, ನಕ್ಕೋತ ವರ್ಗಕ್ಕ ಹೋಗಲಿ.”