ಪೊರ್ಬುಗಳು ಮಾಡಿಕೊಟ್ಟ ಎಡಗೈ ಗಿಟಾರು

ಮರದ ಮಿಲ್ಲಿಗೆ ಕೆಲಸಕ್ಕೆ ಸೇರಿ ಸ್ವಲ್ಪ ವರ್ಷವಾದ ಮೇಲೆ ನನ್ನ ಎಡಗೈಯ ಎರಡು ಬೆರಳಿನ ತುದಿ ಗರಗಸಕ್ಕೆ ಹೋಯಿತು. ನಡುಬೆರಳು ಮತ್ತು ಉಂಗುರದ ಬೆರಳು. ಕಾಸರಗೋಡಿನ ಆಸ್ಪತ್ರೆಯಲ್ಲಿ ಹೊಲಿದು ಕಳಿಸಿದರು. ಗಾಯ ಒಣಗಿತು. ಊಟಕ್ಕೆ, ಸ್ನಾನಕ್ಕೆ, ಕೆಲಸಕ್ಕೆ ಏನೂ ತೊಂದರೆ ಆಗಲಿಲ್ಲ. ತೊಂದರೆ ಆದದ್ದು ಗಿಟಾರಿಗೆ.

ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವ. ಚೆನ್ನಾಗಿ ಬರುತ್ತಿದ್ದದ್ದು ಗಿಟಾರು ಒಂದೇ. ಪೈವಳಿಕೆ ಕಡೆಯ ನಾವು ಕೆಲವು ಹುಡುಗರು ಒಂದು ಆರ್ಕೆಸ್ಟ್ರಾ ಕಟ್ಟಿಕೊಂಡಿದ್ದೆವು. ಯುವಕ ಮಂಡಲದ ವಾರ್ಷಿಕೋತ್ಸವ, ಮದುವೆಯ ರಿಸೆಪ್ಷನ್, ಎಲ್ಲದಕ್ಕೂ ಗಿಟಾರು ನನ್ನದೇ. ತಂತಿ ಒತ್ತುವ ಬೆರಳು ಹೋದ ಮೇಲೆ ನನ್ನ ಜಾಗಕ್ಕೆ ಬಂದ್ಯೋಡಿನ ಒಬ್ಬ ಹುಡುಗ ಬಂದ. ನನ್ನನ್ನು ಬಿಟ್ಟುಬಿಡಲಿಲ್ಲ, ಮೈಕಿನ ವೈರು ಎಳೆಯುವ ಕೆಲಸ ಕೊಟ್ಟರು. ಸ್ಟೇಜಿನ ಹಿಂದೆ ಕೂತು ಇನ್ನೊಬ್ಬ ಬಾರಿಸುವುದನ್ನು ಕೇಳುವಾಗ ಆಗುತ್ತಿದ್ದ ಉರಿ, ಬೆರಳು ಕತ್ತರಿಸಿದಾಗಲೂ ಆಗಿರಲಿಲ್ಲ.

ಬಲಗೈಯ ಐದು ಬೆರಳೂ ಸರಿ ಇದ್ದವಲ್ಲ. ಗಿಟಾರನ್ನು ತಿರುಗಿಸಿ ಹಿಡಿದರೆ ಆಯಿತು ಅಂದುಕೊಂಡೆ. ಬಲಗೈಯಲ್ಲಿ ತಂತಿ ಒತ್ತುವುದು, ಎಡಗೈಯಲ್ಲಿ ಮೀಟುವುದು. ಮೀಟಲು ಹೆಬ್ಬೆರಳು, ತೋರುಬೆರಳು ಸಾಕು. ತಂತಿಗಳನ್ನೆಲ್ಲ ಬಿಚ್ಚಿ ಅದಲುಬದಲು ಕಟ್ಟಿದೆ. ಸುಮ್ಮನೆ ಮೀಟಿದರೆ ಸರಿ ಕೇಳುತ್ತಿತ್ತು. ಒತ್ತಿ ಹಿಡಿದರೆ ಒಂದು ತಂತಿ ಒಂದು ದಾರಿ, ಇನ್ನೊಂದು ಇನ್ನೊಂದು ದಾರಿ. ಮಂಗಳೂರಿನ ಅಂಗಡಿಯಲ್ಲಿ ಎಡಗೈಯವರ ಗಿಟಾರು ಕೇಳಿದೆ. ಇಲ್ಲ ಅಂದರು. ಇದ್ದ ಗಿಟಾರನ್ನು ಮಂಚದ ಅಡಿಗೆ ತಳ್ಳಿದೆ.

ಮಿಲ್ಲಿನಲ್ಲಿ ನನ್ನನ್ನು ಗರಗಸದಿಂದ ತೆಗೆದು ಪಿಕಪ್ ಗಾಡಿ ಓಡಿಸಲು ಹಾಕಿದ್ದರು. ಒಂದು ಮಳೆಗಾಲ ಹಲಸಿನ ತೆಳು ಹಲಗೆಗಳನ್ನು ಎಣ್ಮಕಜೆ ಕಡೆಯ ಒಂದು ಮನೆಗೆ ಇಳಿಸಿ ಬಾ ಅಂದರು. ಅಲ್ಲಿದ್ದದ್ದು ಗಲ್ಫಿನಿಂದ ವಾಪಸು ಬಂದ ಒಬ್ಬರು ಕೊಂಕಣಿ ಕ್ರಿಶ್ಚಿಯನ್ನರು. ವಯಸ್ಸಾದ ಕ್ರಿಶ್ಚಿಯನ್ನರನ್ನು ನಾವು ಪೊರ್ಬುಗಳು ಅನ್ನುವುದು, ಅವರ ಹೆಂಗಸರನ್ನು ಬಾಯಮ್ಮ ಅನ್ನುವುದು. ಈ ಪೊರ್ಬುಗಳು ಮೇಜು ಕುರ್ಚಿ ಮಾಡುತ್ತಾರೆ ಎಂದಷ್ಟೇ ಮಿಲ್ಲಿನವರಿಗೆ ಗೊತ್ತಿತ್ತು.

ಹಲಗೆಗಳನ್ನು ಅಡಿಗೆಮನೆಗೆ ಒಯ್ಯಲು ಹೇಳಿದರು. ನನಗೆ ವಿಚಿತ್ರ ಅನಿಸಿತು. ಒಳಗೆ ಹೋಗಿ ತಲೆ ಎತ್ತಿದರೆ ಒಲೆಯ ಮೇಲಿನ ಅಟ್ಟದಲ್ಲಿ ಕೊಬ್ಬರಿಯ ಪಕ್ಕ ಸೊಂಟ ಬಳುಕಿಸಿದ ಹಲಗೆಗಳು ತೂಗುತ್ತಿದ್ದವು. ಆ ಆಕಾರ ನನಗೆ ಗೊತ್ತಿಲ್ಲದ್ದಲ್ಲ. ಒಲೆಯ ಎದುರು ಕೂತಿದ್ದ ಅವರ ಹೆಂಡತಿಯನ್ನು ಕೇಳಿದೆ.

"ಇದೆಂತ ಬಾಯಮ್ಮ, ಗಿಟಾರಾ?"

"ಕೊಬ್ಬರಿ ಇಡುವ ಅಟ್ಟ ಇದು. ಈಗ ಇವರ ಗಿಟಾರಿಗೆ ಹೊಗೆ ಬೇಕಂತೆ. ನನ್ನ ಕೊಬ್ಬರಿಗೆ ಬೂಷ್ಟು ಹಿಡಿದರೆ ಇವರಿಗೆ ಎಂತ?"

"ನಿನ್ನ ಕೊಬ್ಬರಿಯನ್ನು ಯಾರಾದರೂ ಬಾರಿಸ್ತಾರಾ?" ಪೊರ್ಬುಗಳು ಹೊರಗಿನಿಂದಲೇ ಕೂಗಿದರು.

ಬಹರೈನಿನಲ್ಲಿ ಹಡಗು ರಿಪೇರಿಯ ಬಡಗಿಯಾಗಿದ್ದಾಗ ರೂಮಿನಲ್ಲಿದ್ದ ಒಬ್ಬ ಫಿಲಿಪ್ಪೀನ್ಸಿನವನಿಂದ ಅವರು ಕಲಿತದ್ದಂತೆ. ಊರಿಗೆ ಬಂದ ಮೇಲೆ ವರ್ಷಕ್ಕೆ ಒಂದೋ ಎರಡೋ ಮಾಡುತ್ತಿದ್ದರು. ಬೋರ್ಡಿಲ್ಲ, ಗಿಟಾರಿನ ತಲೆಯ ಮೇಲೆ ಹೆಸರೂ ಇಲ್ಲ. ನೆಂಟರು, ಇಗರ್ಜಿಯಲ್ಲಿ ಹಾಡುವವರು ತೆಗೆದುಕೊಂಡು ಹೋಗುವುದು. ನಾನು ಅಷ್ಟು ವರ್ಷ ಅದೇ ಆಸುಪಾಸಿನಲ್ಲಿ ಗಿಟಾರು ಹೊತ್ತು ತಿರುಗಿದವ, ನನಗೇ ಗೊತ್ತಿರಲಿಲ್ಲ.

ಮರುದಿನ ಮಂಚದ ಅಡಿಯಿಂದ ನನ್ನದನ್ನು ಎಳೆದು ತಂದು ತೋರಿಸಿದೆ. ಅವರು ನೋಡಿದ್ದು ಮೊದಲು ನನ್ನ ಕೈ, ಆಮೇಲೆ ಗಿಟಾರು.

"ಕೆಳಗೆ ತಂತಿ ಕೂರುವ ಈ ಬಿಳಿ ಪಟ್ಟಿ ಓರೆ ಉಂಟು, ಕಂಡ್ತಾ? ದಪ್ಪ ತಂತಿಗೆ ಸ್ವಲ್ಪ ಉದ್ದ ಬೇಕು, ಸಪೂರದ್ದಕ್ಕೆ ಗಿಡ್ಡ ಸಾಕು. ನೀನು ತಂತಿ ಮಾತ್ರ ಬದಲಿಸಿದ್ದಿ. ಪಟ್ಟಿಯ ಓರೆ ಹಾಗೇ ಉಂಟು. ಅದೊಂದನ್ನೇ ತಿರುಗಿಸಿದ್ರೂ ಸಾಲದು, ಒಳಗಿನ ಆಧಾರವೂ ಬಲಗೈಯವರಿಗೇ ಮಾಡಿದ್ದು. ಮತ್ತೆ ಶ್ರುತಿ ಎಲ್ಲಿಂದ ಬರ್ಬೇಕು?"

"ಹಾಗಾದ್ರೆ ಎಡಗೈಗೆ ಒಂದು ಹೊಸತು ಮಾಡಿ ಕೊಡಿ ಪೊರ್ಬುಗಳೇ. ನಾಳೆ ಬರಲಾ?"

"ನಾಳೆ? ಇದೆಂತ ಗೋಳಿಬಜೆಯಾ, ಎಣ್ಣೆಗೆ ಬಿಟ್ಟು ತೆಗಿಲಿಕ್ಕೆ? ಮಳೆಯಲ್ಲಿ ಅಂಟಿಸಿದ್ರೆ ಬೇಸಗೆಯಲ್ಲಿ ಬಿರೀತದೆ. ಡಿಸೆಂಬರ್ ಬರ್ಲಿ."

ನನಗೆ ಸಿಟ್ಟು ಬಂತು. ಕಾಯುವುದು ನನ್ನ ಜಾತಕದಲ್ಲೇ ಇಲ್ಲ. ಆದರೆ ಬೇರೆ ದಾರಿಯೂ ಇರಲಿಲ್ಲ.

ಸ್ವಲ್ಪ ದಿನ ಕಳೆದು ಅವರು ನನ್ನ ಕೈಗೆ ಒಂದು ಕೋಲು ಕೊಟ್ಟರು. ಗಿಟಾರಿನ ಕುತ್ತಿಗೆ ಮಾತ್ರ. ಹೆಬ್ಬಲಸಿನ ಮರ, ಮೇಲೆ ಬೀಟಿ ಮರದ ಪಟ್ಟಿ, ಕೊನೆಯಲ್ಲಿ ಒಂದು ಮರದ ತುಂಡಿಗೆ ತಂತಿ ಬಿಗಿದಿತ್ತು. ಹೊಟ್ಟೆಯಿಲ್ಲ. ಬಾರಿಸಿದರೆ ಸೊಳ್ಳೆ ಹಾಡಿದಷ್ಟು ಶಬ್ದ.

"ಹೊಟ್ಟೆ ಡಿಸೆಂಬರಿಗೆ. ಅಷ್ಟರಲ್ಲಿ ಬಲಗೈಗೆ ಅಭ್ಯಾಸ ಆಗ್ಲಿ."

ಲೋಡು ತುಂಬುವಷ್ಟು ಹೊತ್ತು ಪಿಕಪ್ಪಿನಲ್ಲಿ ಕೂತು ಆ ಕೋಲನ್ನು ಒತ್ತುವುದೇ ನನ್ನ ಕೆಲಸವಾಯಿತು. ಮೊದಲು ಬೆರಳು ಮಾತೇ ಕೇಳಲಿಲ್ಲ. ಎಡಗೈಗೆ ಕಣ್ಣುಮುಚ್ಚಿ ಬರುತ್ತಿದ್ದದ್ದು ಬಲಗೈಗೆ ಹೊಸ ಭಾಷೆ. ಲೋಡಿಂಗಿನವರಿಗೆ ನಗಲು ಒಂದು ಕಾರಣ ಸಿಕ್ಕಿತು.

"ಎಂತ ಮಾರಾಯ, ಬೆನ್ನು ತುರಿಸುವ ಕೋಲಾ? ನನಗೂ ಸ್ವಲ್ಪ ತುರಿಸು."

ಮನೆಯಲ್ಲಿ ಅಮ್ಮ, "ಆ ಸೌಟು ಅಲ್ಲಿಟ್ಟು ಊಟಕ್ಕೆ ಬಾ," ಅನ್ನುತ್ತಿದ್ದರು.

ಭಾನುವಾರ ಪೊರ್ಬುಗಳು ಇಗರ್ಜಿಯಿಂದ ಬರುವಾಗ ನಾನು ಅವರ ಜಗಲಿಯಲ್ಲಿ ಇರುತ್ತಿದ್ದೆ. ಅವರ ಮನೆಮಾತು ಕೊಂಕಣಿ, ನನ್ನದು ತುಳು. ಮೊದಲ ದಿನ ಕನ್ನಡದಲ್ಲಿ ಶುರುವಾದ ಮಾತು ಕನ್ನಡದಲ್ಲೇ ಮುಂದುವರಿಯಿತು. ಅವರು ಕೋಲನ್ನು ತಿರುಗಿಸಿ ಹಿಂಭಾಗ ನೋಡುತ್ತಿದ್ದರು. ಮಿಲ್ಲಿನ ಕೈಯ ಎಣ್ಣೆ, ಬೆವರು ಹತ್ತಿ ಅಲ್ಲಿ ಕಪ್ಪಾಗಿರುತ್ತಿತ್ತು.

"ಇಲ್ಲಿ ನಿನ್ನ ಹೆಬ್ಬೆರಳು ನಿಲ್ತದೆ. ಇಲ್ಲಿ ದಪ್ಪ ಜಾಸ್ತಿಯಾಗಿ ಸಿಕ್ಕಿ ಬೀಳ್ತದೆ," ಎಂದು ಒಡೆದ ಬಾಟಲಿಯ ಗಾಜಿನಿಂದ ಆ ಜಾಗವನ್ನು ಕೆರೆಯುತ್ತಿದ್ದರು. ಅಕ್ಕಿಹಿಟ್ಟಿನ ಹಾಗೆ ಪುಡಿ ಉದುರುತ್ತಿತ್ತು. ವಾರ ಕಳೆದಂತೆ ಕೋಲು ನನ್ನ ಕೈಗೆ ಸರಿಯಾಗುತ್ತಾ ಬಂತು. ಅಥವಾ ಕೈ ಕೋಲಿಗೆ ಸರಿಯಾಯಿತೋ, ಹೇಳಲು ನನಗೆ ಗೊತ್ತಿಲ್ಲ. ತೋರುಬೆರಳು ಅಡ್ಡ ಇಟ್ಟು ಎಲ್ಲ ತಂತಿಯನ್ನೂ ಒಮ್ಮೆಲೇ ಒತ್ತುವ ಎಫ್ ಕಾರ್ಡು ಮಾತ್ರ ದೀಪಾವಳಿ ಕಳೆದರೂ ಬರಲಿಲ್ಲ.

ಡಿಸೆಂಬರಿನಲ್ಲಿ ಗಾಳಿ ಒಣಗಿತು. ಪೊರ್ಬುಗಳು ಒಂದು ಕಬ್ಬಿಣದ ಪೈಪಿನೊಳಗೆ ತೆಂಗಿನ ಗೆರಟೆಯ ಕೆಂಡ ತುಂಬಿ, ಅದರ ಮೇಲೆ ಒದ್ದೆ ಮಾಡಿದ ಹಲಸಿನ ತೆಳು ಹಲಗೆಯನ್ನು ಒತ್ತಿ ಒತ್ತಿ ಬಗ್ಗಿಸಿದರು. ನಾನು ಪಕ್ಕದಲ್ಲಿ ನಿಂತು, "ಇನ್ನೂ ಜೋರು ಒತ್ತಿ," ಅಂದೆ. ಒತ್ತಿದರು. ಟಪ್ ಅಂತ ಮುರಿಯಿತು.

"ನಿನ್ನ ಅರ್ಜೆಂಟು ಇದು," ಎಂದು ಆ ತುಂಡುಗಳನ್ನು ಒಳಗೆ ಎಸೆದರು.

"ದೇವರು ಒಳ್ಳೇದು ಮಾಡ್ಲಿ. ಮೀನು ಬೇಯಿಸ್ಲಿಕ್ಕೆ ಆಯ್ತು," ಅಂದರು ಬಾಯಮ್ಮ.

ಎರಡನೆಯದು ಬಗ್ಗಿತು. ನಾನು ಬಾಯಿ ಮುಚ್ಚಿಕೊಂಡಿದ್ದೆ. ಎದುರಿನ ಹಲಗೆಗೆ ಮೆಷಿನು ಬರುವ ಪೆಟ್ಟಿಗೆಯ ಹಳೆ ಪೈನ್ ಮರ ಹಾಕಿದರು. ಒಳಗೆ ಅಂಟಿಸುವ ಆಧಾರದ ಪಟ್ಟಿಗಳನ್ನೂ ಎಡಗೈಗೆ ಬೇಕಾದಂತೆ ತಿರುಗಿಸಿ ಕೂರಿಸಿದರು. ಕೊನೆಗೆ ನನ್ನ ಕೋಲನ್ನು ಕೇಳಿದರು. ಮಳೆಗಾಲದಿಂದ ಕೈಯಲ್ಲೇ ಇದ್ದದ್ದು. ಕೊಡುವಾಗ ಏನೋ ಒಂದು ಥರ ಆಯಿತು.

"ತಲೆಯಲ್ಲಿ ನಿಮ್ಮ ಹೆಸರು ಬರೀರಿ," ಅಂದೆ.

"ಎಂತಕ್ಕೆ? ಬಾರಿಸುವುದು ನೀನಲ್ವಾ?"

ತಂತಿ ಕಟ್ಟಿ ಕೊಟ್ಟ ದಿನ ಅವರ ಜಗಲಿಯಲ್ಲೇ ಮೀಟಿದೆ. ಅಷ್ಟು ತಿಂಗಳು ಸೊಳ್ಳೆಯ ಶಬ್ದ ಕೇಳಿದ ಕಿವಿಗೆ ಆ ದನಿ ದೊಡ್ಡದಾಯಿತು. ಎದೆಗೆ ಒತ್ತಿಕೊಂಡಿದ್ದ ಹಲಗೆ ನಡುಗುವುದು ಪಕ್ಕೆಗೆ ಗೊತ್ತಾಗುತ್ತಿತ್ತು. ಮೇಲೆ ಕೆಳಗೆ ಎಲ್ಲಿ ಒತ್ತಿದರೂ ಶ್ರುತಿ ಸರಿ. ಎಫ್ ಕಾರ್ಡು ಹಿಡಿದೆ. ಬಂತು. ಬಾಯಮ್ಮ ಚಾ ತಂದಿಟ್ಟು, "ಇನ್ನು ನನ್ನ ಅಟ್ಟ ಖಾಲಿಯಾ?" ಅಂತ ಕೇಳಿದರು. ಖಾಲಿಯಾಗಲಿಲ್ಲ, ಮುಂದಿನ ವರ್ಷದ ಹಲಗೆ ಆಗಲೇ ಅಟ್ಟ ಹತ್ತಿತ್ತು. ತಂದುಕೊಟ್ಟವನು ನಾನೇ.

ಆ ವಾರ ಪ್ರಾಕ್ಟೀಸಿಗೆ ಹೋದೆ. ಕೀಬೋರ್ಡಿನವ ನನ್ನನ್ನೂ ಗಿಟಾರನ್ನೂ ನೋಡಿ, "ಒಂದು ಹಾಡು, ನೋಡುವಾ," ಅಂದ. ನನಗೆ ಖುಷಿ ತಡೆಯಲಿಲ್ಲ, ಹಾಡು ಓಡಿತು.

"ನಿಧಾನ ಮಾರಾಯ! ಬಸ್ಸು ತಪ್ಪುದಿಲ್ಲ ನಿನಗೆ."

ಹಾಡು ಮುಗಿಯಿತು. ಇನ್ನೊಂದು ಬಾರಿಸು ಅಂದರು. ಬಂದ್ಯೋಡಿನ ಹುಡುಗ, "ಕೊಡು ಮಾರಾಯ, ನಾನೊಮ್ಮೆ ನೋಡ್ತೇನೆ," ಎಂದು ತೆಗೆದುಕೊಂಡ. ಅವನಿಗೆ ಎಲ್ಲ ಉಲ್ಟಾ. ಎರಡು ಸಲ ಪರದಾಡಿ ವಾಪಸು ಕೊಟ್ಟ.

"ಇದು ಯಾರಿಗೆ ಬರ್ತದೆ!"

"ನನಗೆ," ಅಂದೆ.

ಅವನನ್ನು ತೆಗೆಯುವ ಮಾತು ಯಾರೂ ಆಡಲಿಲ್ಲ, ನಾನೂ ಆಡಲಿಲ್ಲ. ಆ ವರ್ಷದ ವಾರ್ಷಿಕೋತ್ಸವಕ್ಕೆ ಎರಡು ಗಿಟಾರು. ಗಿಟಾರಿಗೆ ಇದ್ದದ್ದು ಒಂದೇ ಮೈಕು. ಅವನದ್ದರ ಕುತ್ತಿಗೆ ಅತ್ತ, ನನ್ನದು ಇತ್ತ. ಒಂದಕ್ಕೊಂದು ತಾಗದೆ ಆ ಒಂದು ಮೈಕಿನ ಎದುರು ಇಬ್ಬರೂ ಭುಜಕ್ಕೆ ಭುಜ ಕೊಟ್ಟು ನಿಂತು ಬಾರಿಸಿದೆವು.